ಬೆಂಗಳೂರು ನಾಗರತ್ನಮ್ಮನವರ ಕಡೆಯ ಸಂಚಾರ

ನಮ್ಮ ಮಳವಳ್ಳಿ ಸೀಮೆಯ ಜನ ಬ್ಲಫ್ ಎಂದೇ ಕರೆಯುವ ಶಿವನಸಮುದ್ರದ ವಿದ್ಯುದಾಗಾರದಲ್ಲಿ ನನ್ನ ತಾತನವರು ಕೆಲಸಕ್ಕಿದ್ದರು. 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿದ ಆ ಊರಿನಲ್ಲಿ ತಾತನವರ ಗ್ರಾಮಫೋನು ಮಾತ್ರ ಕೀಲಿ ಕೊಟ್ಟರೆ ತಿರುಗುವಂಥದು. ಅದು ಈಗ ಇಲ್ಲ. ಉಳಿದಿರುವುದು ಒಂದು ಬಿರಿದ ತಟ್ಟೆ. ಅದರ ನಡುವಣ ಕಾಗದ ಮಾಸಿ, ಹಾಡಿದವರ ಹೆಸರಷ್ಟೇ ಓದಲು ಬರುತ್ತದೆ: ಬೆಂಗಳೂರು ನಾಗರತ್ನಮ್ಮ. ಬಾಲ್ಯದಲ್ಲಿ ಒಮ್ಮೆ ಅದನ್ನು ಕೇಳಿದ ನೆನಪಿದೆ. ಸುತ್ತಿಗೊಮ್ಮೆ ಟಕ್ಕೆಂಬ ಸದ್ದು; ಅದರ ನಡುವೆ ತುಂಬು ಗಂಭೀರವಾದ ಒಂದು ಹೆಣ್ಣುದನಿ.

ಆ ದನಿಯ ಒಡತಿ ಹುಟ್ಟಿದ್ದು 1878ರಲ್ಲಿ, ಕಪಿಲೆಯ ದಡದ ನಂಜನಗೂಡಿನಲ್ಲಿ. ತಾಯಿ ಪುಟ್ಟಲಕ್ಷ್ಮಮ್ಮ ದೇವದಾಸಿ ಕುಲದವರು. ಎಳೆತನದಲ್ಲಿಯೇ ಮಗಳಿಗೆ ಸಂಸ್ಕೃತ ಕಲಿಸುವ ಏರ್ಪಾಡು ಮಾಡಿದ್ದರು. ಮೈಸೂರಿನ ಆಶ್ರಯ ತಪ್ಪಿದಾಗ ತಾಯಿಮಗಳು ಆ ಊರನ್ನು ಬಿಡಬೇಕಾಯಿತು. ಬೆಂಗಳೂರಿನಲ್ಲಿ ಹುಡುಗಿಗೆ ಮುನಿಸ್ವಾಮಪ್ಪನವರು ಗುರುಗಳಾದರು. ಅವರದು ವಾಲಾಜಪೇಟೆಯವರ ಮೂಲಕ ತ್ಯಾಗರಾಜರನ್ನು ಮುಟ್ಟುವ ಶಿಷ್ಯಪರಂಪರೆ. ಹದಿಹರೆಯದಲ್ಲಿಯೇ ತಾಯಿ ತೀರಿಕೊಂಡರು. ವಿದ್ಯೆಯೊಂದೇ ಆಸರೆಯಾಗಿ ಉಳಿಯಿತು.

ಮುಂದೆ ನಾಗರತ್ನಮ್ಮನವರು ಮದರಾಸಿನಲ್ಲಿ ನೆಲೆಸಿದರು. ಆಗ ಗಾಯಕರು ತಗಡಿನ ಕಹಳೆಯೊಂದರ ಮುಂದೆ ನಿಂತು, ರಾಗವನ್ನೂ ಕೃತಿಯನ್ನೂ ಮೂರು ನಾಲ್ಕು ನಿಮಿಷಕ್ಕೆ ಅಡಕಮಾಡಿ ಹಾಡಬೇಕಾಗಿದ್ದಿತು. ಹಾಗೆ ಮುದ್ರಿತವಾದ ತಟ್ಟೆಗಳು ಅವರ ಹೆಸರನ್ನು ಊರೂರಿಗೆ ಒಯ್ದವು; ಹೆಸರು ಹೋದ ಕಡೆಗೆ ಕರೆ ಬಂದಿತು. ರೈಲು ಹತ್ತಿ, ಗಾಡಿ ಹತ್ತಿ ನೂರಕ್ಕೂ ಹೆಚ್ಚು ಊರುಗಳಲ್ಲಿ ಸಾವಿರಕ್ಕೂ ಮಿಕ್ಕಿ ಕಚೇರಿಗಳನ್ನು ನಡೆಸಿದರು.

ಅವರು ಅಂಜುವ ಜೀವವಲ್ಲ. ತಂಜಾವೂರಿನ ಆಸ್ಥಾನದಲ್ಲಿದ್ದ ಮುದ್ದುಪಳನಿ ಹದಿನೆಂಟನೆಯ ಶತಮಾನದಲ್ಲಿ ತೆಲುಗಿನಲ್ಲಿ ರಚಿಸಿದ ರಾಧಿಕಾ ಸಾಂತ್ವನಮು ಎಂಬ ಶೃಂಗಾರಕಾವ್ಯವನ್ನು 1910ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದರು. ಹೆಣ್ಣೊಬ್ಬಳು ಬರೆದುದನ್ನು ಹೆಣ್ಣೊಬ್ಬಳು ಹೊರತಂದಾಗ ಪಂಡಿತರು ಮುನಿದರು. ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ಆ ನಿಷೇಧ ತೊಲಗಿದ್ದು ಸ್ವಾತಂತ್ರ್ಯದ ಹೊತ್ತಿಗೆ. ಹೆಣ್ಣು ಬರೆದ ಕಾವ್ಯಕ್ಕೆ ಒದಗಿದ ಈ ಗತಿಯನ್ನು ಸಾಹಿತ್ಯದ ಪಾಠ ಹೇಳುವ ನಾನು ಮರೆಯಲಾರೆ.

1921ರಲ್ಲಿ ಅವರ ಬಾಳು ಮತ್ತೊಂದು ದಾರಿಗೆ ಹೊರಳಿತು. ತಿರುವೈಯಾರಿನ ಕಾವೇರಿಯ ದಡದಲ್ಲಿ ತ್ಯಾಗರಾಜರ ಸಮಾಧಿ ಪಾಳುಬಿದ್ದಿದೆಯೆಂಬ ಸುದ್ದಿ ತಲುಪಿತು. ಅಂದಿನಿಂದ ಅವರ ಸಂಚಾರಕ್ಕೆ ಬೇರೆಯೇ ಅರ್ಥ ಬಂದಿತು. ಹಾಡಿ ಗಳಿಸಿದ ಹಣ ಆ ಸಮಾಧಿಯ ಕಲ್ಲುಗಾರೆಗೆ ಸಲ್ಲತೊಡಗಿತು. ಇಪ್ಪತ್ತರ ದಶಕದ ನಡುವೆ ಗುಡಿ ಎದ್ದು ನಿಂತಿತು, ಪೂಜೆಗೆ ವ್ಯವಸ್ಥೆಯಾಯಿತು.

ಆದರೆ ಆ ಗುಡಿಯ ಎದುರಿಗೇ ಹೆಂಗಸರು ಹಾಡುವಂತಿರಲಿಲ್ಲ. ಆರಾಧನೆಯನ್ನು ನಡೆಸುತ್ತಿದ್ದ ಗಂಡಸರು ಎರಡು ಬಣಗಳಾಗಿ ಒಡೆದಿದ್ದರೂ, ಈ ಒಂದು ವಿಷಯದಲ್ಲಿ ಅವರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಗುಡಿ ಕಟ್ಟಿಸಿದವರು ಗುಡಿಯ ಹೊರಗಿನವರಾದರು! ನಾಗರತ್ನಮ್ಮನವರು ಅಳುತ್ತ ಕೂರಲಿಲ್ಲ. 1927ರಲ್ಲಿ ಹೆಂಗಸರನ್ನೇ ಕೂಡಿಸಿಕೊಂಡು ಸಮಾಧಿಯ ಹಿಂಬದಿಯಲ್ಲಿ ಮೂರನೆಯ ಆರಾಧನೆಯನ್ನು ಆರಂಭಿಸಿದರು. ವರ್ಷ ವರ್ಷವೂ ಪಟ್ಟು ಸಡಿಲಿಸದೆ ನಡೆಸಿದರು. 1940ರ ಸುಮಾರಿಗೆ ಬಣಗಳೆಲ್ಲ ಒಂದಾದವು. ಹೆಂಗಸರೂ ಗಂಡಸರೂ ಒಂದೇ ಚಪ್ಪರದಡಿ ಹಾಡುವ ಇಂದಿನ ಆರಾಧನೆಯ ಹಿಂದೆ ಆ ಹಟವಿದೆ.

ಕಡೆಯ ವರ್ಷಗಳನ್ನು ಅವರು ತಿರುವೈಯಾರಿನಲ್ಲಿಯೇ ಕಳೆದರು. ತಮ್ಮ ಸ್ವತ್ತನ್ನು ತ್ಯಾಗರಾಜರ ಸೇವೆಗೇ ಬರೆದಿಟ್ಟು, 1952ರ ಮೇ 19ರಂದು ಕಣ್ಮುಚ್ಚಿದರು. ಸಮಾಧಿಯ ಎದುರಿಗೆ ಅವರ ಪ್ರತಿಮೆ ಕೈಮುಗಿದು ಕುಳಿತಿದೆ.

ಕಪಿಲೆ ನಂಜನಗೂಡನ್ನು ದಾಟಿ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಆ ನೀರೇ ಬ್ಲಫಿನಲ್ಲಿ ಧುಮುಕಿ, ಮೆಟ್ಟೂರನ್ನು ಹಾದು ತಿರುವೈಯಾರನ್ನು ಮುಟ್ಟುತ್ತದೆ. ಊರ ಹೆಸರನ್ನು ತಮ್ಮ ಹೆಸರಿನ ಮುಂದೆ ಹೊತ್ತು ನಡೆದ ಈ ಕನ್ನಡತಿಯನ್ನು ತಮಿಳುನಾಡು ಪ್ರತಿಮೆ ಮಾಡಿ ನಿಲ್ಲಿಸಿತು. ನಾವು ಎಷ್ಟರಮಟ್ಟಿಗೆ ನೆನೆದಿದ್ದೇವೆ? ಕಳೆದ ತಿಂಗಳು ತರಗತಿಯಲ್ಲಿ ಅವರ ಹೆಸರೆತ್ತಿದೆ. ಅರವತ್ತು ಮಂದಿಯಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ತಪ್ಪು ಮಕ್ಕಳದಲ್ಲ; ಹೇಳಬೇಕಾದವನು ಇಷ್ಟು ದಿನ ಹೇಳಿರಲಿಲ್ಲ.

ಮರುದಿನ ಆ ಬಿರಿದ ತಟ್ಟೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ತರಗತಿಗೆ ಹೋದೆ. ಅದು ಇನ್ನು ಹಾಡಲಾರದು. ಆದರೂ ಅದು ಕೈಯಿಂದ ಕೈಗೆ ಹೋಗುತ್ತಿದ್ದಾಗ ತರಗತಿ ನಿಶ್ಶಬ್ದವಾಗಿತ್ತು.