ವಚನ ಪಿತಾಮಹ ಡಾ. ಫ.ಗು. ಹಳಕಟ್ಟಿ (1880–1964)

ವಿಜಯಪುರ ಎಂದೊಡನೆ ನೆನಪಿಗೆ ಬರುವುದು ಗೋಳಗುಮ್ಮಟ. ಆದಿಲಶಾಹಿ ಕಾಲದ ಕಲ್ಲಿನ ಸ್ಮಾರಕಗಳ ದುರಸ್ತಿ ಹಾಗೂ ರಕ್ಷಣೆಗೆ ಬ್ರಿಟಿಷ್ ಆಡಳಿತ ಕಾಲದಿಂದಲೂ ಸರಕಾರದ ಹಣ ದೊರೆಯುತ್ತ ಬಂದಿದೆ. ಆದರೆ ಇದೇ ನಾಡಿನ ಮಠ-ಮನೆಗಳ ಅಟ್ಟಗಳಲ್ಲಿ ಗೆದ್ದಲು ಹಿಡಿಯುತ್ತಿದ್ದ ತಾಡೋಲೆ ಕಟ್ಟುಗಳಿಗೆ ಅಂತಹ ಆಶ್ರಯ ಇರಲಿಲ್ಲ. ಆ ಕೊರತೆಯನ್ನು ಸ್ವಂತ ದುಡಿಮೆಯ ಹಣದಿಂದ ತುಂಬಿದವರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

ಜನನ ಮತ್ತು ವಿದ್ಯಾಭ್ಯಾಸ

ಹಳಕಟ್ಟಿಯವರು 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು ಹಾಗೂ ಲೇಖಕರು. ಧಾರವಾಡದಲ್ಲಿ ಆರಂಭಿಕ ಶಿಕ್ಷಣ ಪಡೆದು, ಮುಂಬಯಿಯಲ್ಲಿ ಪದವಿ ವ್ಯಾಸಂಗವನ್ನು ಪೂರೈಸಿದರು. 1904ರಲ್ಲಿ ಕಾನೂನು ಪದವಿ ಪಡೆದು, ಬೆಳಗಾವಿಯಲ್ಲಿ ಕೆಲಕಾಲ ವಕೀಲಿ ವೃತ್ತಿ ನಡೆಸಿ, ಬಳಿಕ ಅಂದಿನ ಬಿಜಾಪುರಕ್ಕೆ ಬಂದು ನೆಲೆಸಿದರು.

ಹಸ್ತಪ್ರತಿಗಳ ಸಂಗ್ರಹ

ಬಂಧುಬಳಗದ ಊರಾದ ರಬಕವಿಯ ಕಡೆ ಕಂಡ ತಾಡೋಲೆ ಪ್ರತಿಗಳು ಅವರ ಬದುಕಿನ ದಿಕ್ಕನ್ನೇ ಬದಲಿಸಿದವು. ಅಂದು ಅನೇಕ ಮನೆಗಳಲ್ಲಿ ಓಲೆಗರಿಯ ಕಟ್ಟುಗಳನ್ನು ವಿಭೂತಿ ಹಚ್ಚಿ ಪೂಜಿಸಲಾಗುತ್ತಿತ್ತೇ ಹೊರತು ಬಿಚ್ಚಿ ಓದುತ್ತಿದ್ದವರು ವಿರಳ. ಹಳಕಟ್ಟಿಯವರು ಊರೂರು ಅಲೆದು ಅವುಗಳನ್ನು ಸಂಗ್ರಹಿಸಿದರು. ಪದಗಳ ನಡುವೆ ಅಂತರವಿಲ್ಲದ ಹಳೆಯ ಬರಹವನ್ನು ಬಿಡಿಸಿ ಓದಿ, ಕಾಗದಕ್ಕೆ ಇಳಿಸಿ, ಪ್ರತಿಗಳನ್ನು ಒಂದಕ್ಕೊಂದು ತಾಳೆ ನೋಡಿ, ವಿಷಯಾನುಸಾರ ಜೋಡಿಸುವ ಕಾರ್ಯವು ವರ್ಷಗಟ್ಟಲೆ ನಡೆಯಿತು. ಅದುವರೆಗೆ ಸುಮಾರು 50 ವಚನಕಾರರ ಹೆಸರು ಮಾತ್ರ ತಿಳಿದಿದ್ದು, ಅವರ ಶ್ರಮದಿಂದ ಆ ಸಂಖ್ಯೆ 200ನ್ನು ಮೀರಿತು ಎಂದು ಹೇಳಲಾಗುತ್ತದೆ.

ಮುದ್ರಣ ಮತ್ತು ವೆಚ್ಚ

ಸಿದ್ಧಪಡಿಸಿದ ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳುಹಿಸಿದಾಗ ಅದು ಮುದ್ರಣಗೊಳ್ಳದೆ ಹಿಂದಿರುಗಿತು. ಕೊನೆಗೆ 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವು ಬೆಳಕು ಕಂಡಿತು. ಪರರ ಮುದ್ರಣಾಲಯವನ್ನು ನೆಚ್ಚಿಕೊಂಡರೆ ಕಾರ್ಯ ಸಾಗದೆಂದು ಮನಗಂಡ ಅವರು, ಸ್ವಂತ ಮನೆಯನ್ನು ಮಾರಿ 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆಯನ್ನೂ ಆರಂಭಿಸಿದರು. ‘ಶೂನ್ಯಸಂಪಾದನೆ’ ಹಾಗೂ ಹರಿಹರನ ರಗಳೆಗಳು ಅವರ ಸಂಪಾದನೆಯಲ್ಲಿ ಪ್ರಕಟಗೊಂಡವು.

ಈ ಪ್ರಕಟಣೆಗಳಿಂದ ಬಂದ ಆದಾಯವು ವೆಚ್ಚಕ್ಕೆ ಸಾಲುತ್ತಿರಲಿಲ್ಲ. ವಕೀಲಿಯಿಂದ ಬಂದ ಹಣವು ಅಚ್ಚುಮೊಳೆ, ಕಾಗದ ಮತ್ತು ಅಂಚೆಗೆ ವಿನಿಯೋಗವಾಯಿತು. ಕ್ರಮೇಣ ವೃತ್ತಿಯೂ ಹಿಂದೆ ಸರಿಯಿತು. ಸಂಸಾರವು ಬಾಡಿಗೆ ಮನೆಯಲ್ಲಿ ಸಾಗಿತು. ಲೆಕ್ಕದ ದೃಷ್ಟಿಯಿಂದ ಇದು ನಷ್ಟದ ವ್ಯವಹಾರವೇ ಸರಿ. ಆದರೆ ಅಂದು ಅವರು ಕೈಕಟ್ಟಿ ಕುಳಿತಿದ್ದರೆ ಅನೇಕ ಓಲೆಗಳು ಓದುವವರಿಲ್ಲದೆ ಹುಡಿಯಾಗಿ ಹೋಗುತ್ತಿದ್ದವು.

ಸಾರ್ವಜನಿಕ ಸೇವೆ

ತಮಗಾಗಿ ಹಣ ಉಳಿಸದ ಹಳಕಟ್ಟಿಯವರು ಜನರಿಗಾಗಿ ಹಣಕಾಸಿನ ವ್ಯವಸ್ಥೆಯನ್ನು ರೂಪಿಸಿದರು ಎಂಬುದು ಗಮನಾರ್ಹ. 1910ರಲ್ಲಿ ಬಿ.ಎಲ್.ಡಿ.ಇ. ಶಿಕ್ಷಣ ಸಂಸ್ಥೆಯ ಸ್ಥಾಪನೆಗೂ 1912ರಲ್ಲಿ ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆಗೂ ಅವರು ಕಾರಣರಾದರು. ಮುಂಬಯಿ ವಿಧಾನ ಪರಿಷತ್ತಿನ ಸದಸ್ಯರಾಗಿಯೂ ಸೇವೆ ಸಲ್ಲಿಸಿದರು. 1926ರಲ್ಲಿ ಬಳ್ಳಾರಿಯಲ್ಲಿ ಜರುಗಿದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯನ್ನು ವಹಿಸಿದ್ದರು. ಕರ್ನಾಟಕ ವಿಶ್ವವಿದ್ಯಾಲಯವು 1956ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1964ರ ಜೂನ್ 29ರಂದು ಅವರು ಲಿಂಗೈಕ್ಯರಾದರು.

ಪರಂಪರೆಯ ಮುಂದುವರಿಕೆ

ಅವರು ಬೆಳೆಸಿದ ಬಿ.ಎಲ್.ಡಿ.ಇ. ಸಂಸ್ಥೆಯ ಆಶ್ರಯದಲ್ಲಿ ವಿಜಯಪುರದಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವು ಸ್ಥಾಪನೆಗೊಂಡು, ಅವರ ಸಮಗ್ರ ಸಾಹಿತ್ಯದ ಸಂಪುಟಗಳನ್ನು ಹೊರತಂದಿದೆ. ಅವರ ಜನ್ಮದಿನವನ್ನು ವಚನ ಸಂರಕ್ಷಣಾ ದಿನವಾಗಿ ಆಚರಿಸಲಾಗುತ್ತಿದೆ.

ಹಿಂದೆ ವಿಜಯಪುರ ತಾಲ್ಲೂಕಿಗೆ ಸೇರಿದ್ದು ಇಂದು ಪ್ರತ್ಯೇಕ ತಾಲ್ಲೂಕುಗಳಾಗಿರುವ ತಿಕೋಟಾ ಮತ್ತು ಬಬಲೇಶ್ವರದ ಗ್ರಾಮಗಳಲ್ಲಿಯೂ ಹಳೆಯ ಮಠ, ದೇವಾಲಯ, ದರ್ಗಾ ಹಾಗೂ ವಾಡೆಗಳಿವೆ. ಇಂತಹ ಸ್ಥಳಗಳಲ್ಲಿ ತಾಡೋಲೆ, ಹಳೆಯ ಕಾಗದಪತ್ರ, ಶಾಸನ ಅಥವಾ ವೀರಗಲ್ಲು ಕಂಡುಬಂದಲ್ಲಿ ಅವುಗಳನ್ನು ಹೊಳೆಗೆ ಬಿಡದೆ, ಸುಣ್ಣ-ಬಣ್ಣ ಬಳಿಯದೆ, ಕಟ್ಟಡಕ್ಕೆ ಬಳಸದೆ ಬಲ್ಲವರ ಗಮನಕ್ಕೆ ತರುವುದು ಸಾರ್ವಜನಿಕರ ಕರ್ತವ್ಯವಾಗಿದೆ. ಶಾಲೆಗಳ ಶಿಕ್ಷಕರು ವಿದ್ಯಾರ್ಥಿಗಳಿಗೆ ತಮ್ಮ ಊರಿನ ಶಾಸನವೊಂದನ್ನಾದರೂ ತೋರಿಸಿ, ಅದರ ಮಹತ್ವವನ್ನು ತಿಳಿಸಿಕೊಟ್ಟಲ್ಲಿ, ಮನೆ ಮಾರಿ ವಚನಗಳನ್ನು ಉಳಿಸಿಕೊಟ್ಟ ಹಿರಿಯರಿಗೆ ಸಲ್ಲಿಸುವ ಗೌರವ ಅದೇ ಆಗುತ್ತದೆ.