ಮುಡಿಪು ಗುಡ್ಡೆಯ ಸಂತ ಜೋಸೆಫ್ ವಾಝ್

ಮುಡಿಪು ಗುಡ್ಡೆಗೆ ಬರುವ ಭಕ್ತಾದಿಗಳು ಇಲ್ಲಿನ ಒರತೆಯ ನೀರನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. ಈ ಗುಡ್ಡೆಗೆ ಹೆಸರು ತಂದ ಪುಣ್ಯಾತ್ಮರ ಜೀವನ ಎಲ್ಲರೂ ತಿಳಿಯಬೇಕಾದದ್ದು.

ಜೋಸೆಫ್ ವಾಝ್ 1651ರ ಏಪ್ರಿಲ್ 21ರಂದು ಗೋವೆಯ ಬಾಣಾವಳಿಯಲ್ಲಿ, ತಾಯಿಯ ತವರೂರಿನಲ್ಲಿ ಜನಿಸಿದರು. ಮನೆಮಾತು ಕೊಂಕಣಿ. ಶಾಲೆಯಲ್ಲಿ ಪೋರ್ಚುಗೀಸ್ ಮತ್ತು ಲತೀನ್ ಕಲಿತು 1676ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷ ಆಗಸ್ಟ್ 5ರಂದು, ತಾನು ಮಾತೆ ಮರಿಯಮ್ಮನವರ ದಾಸ ಎಂದು ಸ್ವಂತ ಕೈಯಿಂದಲೇ ಪತ್ರ ಬರೆದಿಟ್ಟರು.

1681ರಲ್ಲಿ ಅವರು ಕೆನರಾಕ್ಕೆ ಬಂದರು. ಆಗ ಇಲ್ಲಿ ಕೆಳದಿಯ ಚೆನ್ನಮ್ಮಾಜಿಯ ಆಳ್ವಿಕೆ. ಕ್ರೈಸ್ತರಿದ್ದರು, ಆದರೆ ಗುರುಗಳು ಬಹಳ ಕಡಿಮೆ. ಅದರ ಮೇಲೆ ಗೋವೆಯ ಅಧಿಕಾರವೋ, ರೋಮಿನಿಂದ ನೇಮಕವಾದ ಧರ್ಮಾಧ್ಯಕ್ಷರ ಅಧಿಕಾರವೋ ಅಂತ ಜಗಳ. ಯಾರು ಮಾಡಿದ ಪೂಜೆ, ಯಾರು ಕೊಟ್ಟ ಸಂಸ್ಕಾರ ಸಲ್ಲುತ್ತದೆ ಅಂತ ಬಡ ಜನರಿಗೆ ಗೊತ್ತಾಗುತ್ತಿರಲಿಲ್ಲ. ಜೋಸೆಫ್ ವಾಝ್ ಯಾರನ್ನೂ ದೂರದೆ, ತಗ್ಗಿ ಬಗ್ಗಿ ಮಾತಾಡಿ, ಜನರ ಆತ್ಮಕ್ಕೆ ನಷ್ಟವಾಗದಂತೆ ನೋಡಿಕೊಂಡರು. ಮಂಗಳೂರು, ಬಸ್ರೂರು, ಕುಂದಾಪುರ, ಗಂಗೊಳ್ಳಿ ಅಂತ ಊರೂರು ತಿರುಗಿದರು. ಚರ್ಚುಗಳನ್ನು ನೆಟ್ಟಗೆ ಮಾಡಿದರು, ಶಾಲೆ ತೆರೆದರು, ಭಕ್ತಿಸಂಘಗಳನ್ನು ಸ್ಥಾಪಿಸಿದರು.

ಒಂದು ರಾತ್ರಿ ಕಾಯಿಲೆಯವರಿಗೆ ಸಂಸ್ಕಾರ ಕೊಡಬೇಕೆಂದು ಸುಳ್ಳು ಹೇಳಿ ಅವರನ್ನು ಕೊಲ್ಲಲೆಂದು ಈ ಗುಡ್ಡೆಗೆ ಕರೆತಂದರಂತೆ. ಅವರು ಮೊಣಕಾಲೂರಿ ಪ್ರಾರ್ಥಿಸಿದಾಗ ಕಲ್ಲಿನ ಮೇಲೆ ಗುರುತು ಮೂಡಿತು, ಕೋಲು ಊರಿದಲ್ಲಿ ಒರತೆ ಹುಟ್ಟಿತು ಅಂತ ಹಿರಿಯರು ಹೇಳ್ತಾರೆ.

1684ರಲ್ಲಿ ಗೋವೆಗೆ ಮರಳಿದ ಅವರು 1687ರಲ್ಲಿ ಸಿಲೋನಿಗೆ, ಅಂದರೆ ಇಂದಿನ ಶ್ರೀಲಂಕಾಕ್ಕೆ, ಕೂಲಿಯವನ ವೇಷದಲ್ಲಿ ಹೋದರು. ಅಲ್ಲಿ ಡಚ್ಚರು ಕಥೋಲಿಕ ಗುರುಗಳನ್ನು ಓಡಿಸಿದ್ದರು, ಬಲಿಪೂಜೆಯನ್ನೇ ನಿಷೇಧಿಸಿದ್ದರು. ಜಾಫ್ನಾದಲ್ಲಿ ಅವರು ರಾತ್ರಿ ಹೊತ್ತು, ಮನೆಗಳ ಒಳಗೆ ಗುಟ್ಟಾಗಿ ಪೂಜೆ ಅರ್ಪಿಸಿದರು. 1689ರ ಕ್ರಿಸ್ಮಸ್ ರಾತ್ರಿ ಪೂಜೆಗೆ ಸೇರಿದ್ದ ಸುಮಾರು 300 ಮಂದಿಯನ್ನು ಸೈನಿಕರು ಹಿಡಿದರು. ಗುರುಗಳು ಮಾತ್ರ ಅವರ ಕೈಗೆ ಸಿಗಲಿಲ್ಲ.

1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರನೆಂದು ಅಲ್ಲಿನ ರಾಜ ಅವರನ್ನು ಸೆರೆಯಲ್ಲಿಟ್ಟ. ಸೆರೆಯಲ್ಲೂ ಅವರು ಸುಮ್ಮನೆ ಕೂರಲಿಲ್ಲ. ಸಿಂಹಳ ಕಲಿತರು, ಪುಟ್ಟ ಗುಡಿಸಲನ್ನೇ ಚರ್ಚು ಮಾಡಿಕೊಂಡರು. 1697ರಲ್ಲಿ ಸಿಡುಬು ಬಂದು ಮನೆಯವರೇ ರೋಗಿಗಳನ್ನು ಬಿಟ್ಟು ಓಡಿದಾಗ, ಜೋಸೆಫ್ ಕರ್ವಾಲೊ ಎಂಬ ಗುರುಗಳ ಜೊತೆ ಸೇರಿ ಆ ರೋಗಿಗಳ ಸೇವೆ ಮಾಡಿದರು.

ಅವರ ಇನ್ನೊಂದು ದೊಡ್ಡ ಕೆಲಸ ಹೊರಗಿನವರ ಕಣ್ಣಿಗೆ ಬೀಳದ್ದು. ಆಗೆಲ್ಲ ಬಲಿಪೂಜೆ ಲತೀನ್‌ನಲ್ಲಿ, ಗುರುಗಳಿದ್ದರೆ ಮಾತ್ರ. ಗುರುಗಳು ವರ್ಷಕ್ಕೊಮ್ಮೆ ಬರುವ ಊರಿನಲ್ಲಿ ಉಳಿದ ಭಾನುವಾರಗಳ ಗತಿ ಏನು? ಅವರು ಪ್ರಾರ್ಥನೆಗಳನ್ನು ತಮಿಳು, ಸಿಂಹಳಕ್ಕೆ ತಂದರು. ಊರಿಗೊಬ್ಬ ಅಣ್ಣಾವಿಯನ್ನು ನೇಮಿಸಿ, ಜನರನ್ನು ಕೂಡಿಸಿ ಪ್ರಾರ್ಥನೆ ಹೇಳಿಸುವ ಜವಾಬ್ದಾರಿ ಕೊಟ್ಟರು. 1705ರಲ್ಲಿ ಬಂದ ಗೋವೆಯ ಜಾಕೊಮ್ ಗೊನ್ಸಾಲ್ವಿಸ್ ಎಂಬ ಗುರುಗಳು ಆ ಕೆಲಸಕ್ಕೆ ಹಾಡಿನ ಬಲ ಕೊಟ್ಟರು. ಜನರ ಮಾತಿನಲ್ಲೇ ಭಕ್ತಿಗೀತೆಗಳನ್ನು ರಚಿಸಿದರು. ಹಾಡಿದ್ದು ಬಾಯಿಪಾಠವಾಯಿತು. ಬಾಯಿಪಾಠವಾದದ್ದನ್ನು ಯಾವ ಸೈನಿಕನೂ ಕಿತ್ತುಕೊಳ್ಳಲಾರ.

1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಅವರು ದೇವರ ಪಾದ ಸೇರಿದರು. ಮತ್ತೆ ಹುಟ್ಟೂರಿಗೆ ಬರಲೇ ಇಲ್ಲ. 1995ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಪುನೀತರೆಂದೂ, 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಸಂತರೆಂದೂ ಕೊಲಂಬೊದಲ್ಲಿ ಘೋಷಿಸಿದರು. ಜನವರಿ 16 ಅವರ ಹಬ್ಬ.

ಅವರು ಕೆನರಾ ಬಿಟ್ಟ ನೂರು ವರ್ಷಕ್ಕೆ, 1784ರಲ್ಲಿ, ಟಿಪ್ಪು ಸುಲ್ತಾನನ ಕಾಲದಲ್ಲಿ ಇಲ್ಲಿನ ಕ್ರೈಸ್ತರು ಶ್ರೀರಂಗಪಟ್ಟಣದ ಸೆರೆಗೆ ಹೋದರು. ಚರ್ಚುಗಳು ನೆಲಕ್ಕುರುಳಿದವು. 1799ರ ನಂತರ ಮರಳಿದವರು ಮತ್ತೆ ಚರ್ಚು ಕಟ್ಟಿ ಪೂಜೆ ನಡೆಸಿದರು. ಗೋಡೆ ಬಿದ್ದರೂ ನಾಲಿಗೆಯ ಮೇಲಿನ ಪ್ರಾರ್ಥನೆ ಬೀಳಲಿಲ್ಲ.

ಈಗ ಲತೀನ್ ಪೂಜೆಯ ಕಾಲ ಹೋಗಿ ಕೊಂಕಣಿ, ಕನ್ನಡದಲ್ಲಿ ಬಲಿಪೂಜೆ ನಡೆಯುತ್ತದೆ. ಘಟ್ಟದ ತಪ್ಪಲಿನ ನಾರಾವಿಯ ಸಂತ ಅಂತೋನಿ ಚರ್ಚಿನವರಾಗಲಿ, ಕಡಲ ಬದಿಯವರಾಗಲಿ, ಪೂಜೆಗೆ ಗುರುಗಳಿಗಾಗಿ ಹೆದರಿ ಕಾಯಬೇಕಾಗಿಲ್ಲ. ಆದರೆ ಗಾಯನ ಮಂಡಳಿ ಹಾಡುವಾಗ ಉಳಿದವರು ಬಾಯಿ ಮುಚ್ಚಿ ನಿಂತರೆ, ಸಂಜೆಯ ತೇರ್ಸ್ ಹೊತ್ತಿಗೆ ಮನೆಯಲ್ಲಿ ಟಿವಿ ಮಾತ್ರ ಕೇಳಿಸಿದರೆ, ಸಂತರು ಕಷ್ಟಪಟ್ಟು ಉಳಿಸಿದ್ದು ನಾವಾಗಿಯೇ ಕಳೆದುಕೊಂಡಂತೆ. ಗುಡ್ಡೆ ಇಳಿದು ಹೋಗುವವರು ಮಕ್ಕಳಿಗೆ ಒಂದು ಪ್ರಾರ್ಥನೆ, ಒಂದು ಹಾಡು ಕಲಿಸಲಿ. ಸಂತ ಜೋಸೆಫ್ ವಾಝರ ಆಶೀರ್ವಾದ ಎಲ್ಲ ಮನೆಗಳ ಮೇಲಿರಲಿ.