ಜಾನ್ ಸ್ಕಾಟ್ ಹಾಲ್ಡೇನ್

ಜಾನ್ ಸ್ಕಾಟ್ ಹಾಲ್ಡೇನ್ (1860–1936) ಸ್ಕಾಟ್ಲೆಂಡಿನ ವೈದ್ಯರು ಹಾಗೂ ಶರೀರಕ್ರಿಯಾ ವಿಜ್ಞಾನಿ. ದೇಹವು ಉಸಿರಾಟವನ್ನು ಹೇಗೆ ನಿಯಂತ್ರಿಸುತ್ತದೆ ಎಂಬುದನ್ನು ಪ್ರಯೋಗಗಳ ಮೂಲಕ ವಿವರಿಸಿದ ಇವರು, ಉಸಿರಾಟದ ತೀವ್ರ ವೈಫಲ್ಯಕ್ಕೆ ಒಳಗಾದ ರೋಗಿಗಳಿಗೆ ಆಮ್ಲಜನಕವನ್ನು ಅಳತೆಯಂತೆ, ಎಡೆಬಿಡದೆ ನೀಡಬೇಕೆಂಬ ತತ್ತ್ವವನ್ನು ಪ್ರತಿಪಾದಿಸಿದರು. ಈ ಕಾರಣದಿಂದ ಇವರನ್ನು ಆಧುನಿಕ ಆಮ್ಲಜನಕ ಚಿಕಿತ್ಸೆಯ ಜನಕರೆಂದು ಪರಿಗಣಿಸಲಾಗುತ್ತದೆ. ತಳಿವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ ಇವರ ಮಗ.

ಜನನ ಮತ್ತು ಶಿಕ್ಷಣ

ಹಾಲ್ಡೇನ್ ಅವರು 1860ರ ಮೇ 2ರಂದು ಎಡಿನ್‌ಬರೋ ನಗರದಲ್ಲಿ ಜನಿಸಿದರು. ಬ್ರಿಟನ್ನಿನ ಯುದ್ಧಸಚಿವರಾಗಿದ್ದ ರಿಚರ್ಡ್ ಬರ್ಡನ್ ಹಾಲ್ಡೇನ್ ಇವರ ಅಣ್ಣ. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ 1884ರಲ್ಲಿ ವೈದ್ಯಕೀಯ ಪದವಿ ಪಡೆದರು. ಡಂಡೀ ನಗರದಲ್ಲಿದ್ದಾಗ ಬಡವರ ಮನೆಗಳು, ಶಾಲೆಗಳು ಮತ್ತು ಚರಂಡಿಗಳ ಗಾಳಿಯನ್ನು ಪರೀಕ್ಷಿಸುವ ಕಾರ್ಯದಲ್ಲಿ ತೊಡಗಿದರು. ಅನಂತರ, ಸೋದರಮಾವ ಜಾನ್ ಬರ್ಡನ್ ಸ್ಯಾಂಡರ್ಸನ್ ಅವರು ಪ್ರಾಧ್ಯಾಪಕರಾಗಿದ್ದ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ತೆರಳಿದರು. 1891ರಲ್ಲಿ ಲೂಯಿಸಾ ಕ್ಯಾಥ್ಲೀನ್ ಟ್ರಾಟರ್ ಅವರನ್ನು ವಿವಾಹವಾದರು. ಲೇಖಕಿ ನೇಯೋಮಿ ಮಿಚಿಸನ್ ಇವರ ಮಗಳು.

ಗಣಿಗಳಲ್ಲಿ ಸಂಶೋಧನೆ

1896ರ ಜನವರಿಯಲ್ಲಿ ವೇಲ್ಸ್‌ನ ಟೈಲರ್ಸ್‌ಟೌನ್ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟ ಸಂಭವಿಸಿ 57 ಮಂದಿ ಸತ್ತರು. ಮೃತದೇಹಗಳನ್ನು ಪರೀಕ್ಷಿಸಿದ ಹಾಲ್ಡೇನ್, ಹೆಚ್ಚಿನವರ ಸಾವಿಗೆ ಸ್ಫೋಟದ ಪೆಟ್ಟು ಕಾರಣವಲ್ಲ, ಅದರ ನಂತರ ಹರಡಿದ ಇಂಗಾಲದ ಮಾನಾಕ್ಸೈಡ್ ಅನಿಲವೇ ಕಾರಣವೆಂದು ತೋರಿಸಿದರು. ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಈ ಅನಿಲವು ರಕ್ತದ ಹಿಮೋಗ್ಲೋಬಿನ್‌ನೊಂದಿಗೆ ಬಲವಾಗಿ ಸೇರಿಕೊಂಡು, ಆಮ್ಲಜನಕಕ್ಕೆ ಸ್ಥಳವಿಲ್ಲದಂತೆ ಮಾಡುತ್ತದೆ. ಇದರ ಪರಿಣಾಮವನ್ನು ತಿಳಿಯಲು ಹಾಲ್ಡೇನ್ ತಾವೇ ಅದನ್ನು ಉಸಿರಾಡಿ, ತಮ್ಮಲ್ಲಿ ಕಂಡ ಲಕ್ಷಣಗಳನ್ನು ದಾಖಲಿಸಿದ್ದರು. ಸಣ್ಣ ಪ್ರಾಣಿಗಳಲ್ಲಿ ವಿಷದ ಲಕ್ಷಣಗಳು ಮನುಷ್ಯರಿಗಿಂತ ಬೇಗ ಕಾಣಿಸುವುದರಿಂದ, ಮುನ್ನೆಚ್ಚರಿಕೆಗಾಗಿ ಇಲಿ ಅಥವಾ ಕ್ಯಾನರಿ ಹಕ್ಕಿಗಳನ್ನು ಗಣಿಗೆ ಒಯ್ಯುವಂತೆ ಸಲಹೆ ನೀಡಿದರು. ಬ್ರಿಟನ್ನಿನ ಗಣಿಗಳಲ್ಲಿ ಕ್ಯಾನರಿಗಳ ಬಳಕೆ 1986ರವರೆಗೂ ನಡೆದಿತ್ತು.

1895ರ ಮತ್ತೊಂದು ಪ್ರಯೋಗ ಚಿಕಿತ್ಸೆಯ ದೃಷ್ಟಿಯಿಂದ ಮಹತ್ವದ್ದು. ಹೆಚ್ಚಿನ ಒತ್ತಡದ ಆಮ್ಲಜನಕದಲ್ಲಿ ಇರಿಸಿದ ಇಲಿಗಳು ಇಂಗಾಲದ ಮಾನಾಕ್ಸೈಡ್ ಇದ್ದರೂ ಬದುಕುಳಿದವು. ಹಿಮೋಗ್ಲೋಬಿನ್ ನೆರವಾಗದಿದ್ದರೂ, ರಕ್ತದ ದ್ರವಭಾಗದಲ್ಲಿ ಕರಗಿದ ಆಮ್ಲಜನಕವೇ ಜೀವವನ್ನು ಉಳಿಸಬಲ್ಲದು ಎಂಬುದು ಇದರಿಂದ ತಿಳಿಯಿತು.

ಉಸಿರಾಟದ ನಿಯಂತ್ರಣ

1905ರಲ್ಲಿ ಹಾಲ್ಡೇನ್ ಮತ್ತು ಜೆ. ಜಿ. ಪ್ರೀಸ್ಟ್ಲಿ ಪ್ರಕಟಿಸಿದ ಸಂಶೋಧನೆಯು, ಸಾಮಾನ್ಯ ಸ್ಥಿತಿಯಲ್ಲಿ ಉಸಿರಾಟದ ವೇಗ ಮತ್ತು ಆಳವನ್ನು ನಿರ್ಧರಿಸುವುದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್ ಎಂದು ಸ್ಥಾಪಿಸಿತು. ಶ್ವಾಸಕೋಶದ ವಾಯುಕೋಶಗಳಲ್ಲಿ ಈ ಅನಿಲದ ಪ್ರಮಾಣ ಶೇಕಡಾ 0.2ರಷ್ಟು ಹೆಚ್ಚಿದರೂ ಉಸಿರಾಟ ಸುಮಾರು ಇಮ್ಮಡಿಯಾಗುತ್ತದೆ ಎಂದು ಅವರು ಕಂಡುಕೊಂಡರು. 1908ರಲ್ಲಿ ಮುಳುಗುಗಾರರನ್ನು ಹಂತಹಂತವಾಗಿ ಮೇಲಕ್ಕೆ ತರುವ ಸುರಕ್ಷಿತ ವಿಧಾನವನ್ನು ಸಹೋದ್ಯೋಗಿಗಳೊಂದಿಗೆ ರೂಪಿಸಿದರು. 1911ರಲ್ಲಿ ಅಮೆರಿಕದ ಪೈಕ್ಸ್ ಪೀಕ್ ಪರ್ವತದ ಮೇಲೆ, ಸುಮಾರು 4,300 ಮೀಟರ್ ಎತ್ತರದಲ್ಲಿ, ವಿರಳವಾದ ಗಾಳಿಗೆ ದೇಹ ಹೊಂದಿಕೊಳ್ಳುವ ಬಗೆಯನ್ನು ಅಧ್ಯಯನ ಮಾಡಿದರು. ರಕ್ತದಿಂದ ಆಮ್ಲಜನಕ ಕಳಚಿಕೊಂಡಾಗ ಅದು ಹೆಚ್ಚು ಇಂಗಾಲದ ಡೈಆಕ್ಸೈಡನ್ನು ಹೊರಬಲ್ಲದು ಎಂಬ, 1914ರಲ್ಲಿ ವಿವರಿಸಲಾದ ಗುಣಕ್ಕೆ ಹಾಲ್ಡೇನ್ ಪರಿಣಾಮ ಎಂಬ ಹೆಸರಿದೆ.

ಆಮ್ಲಜನಕ ಚಿಕಿತ್ಸೆ

ಮೊದಲ ಮಹಾಯುದ್ಧದಲ್ಲಿ, 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆಯು ಕ್ಲೋರಿನ್ ಅನಿಲವನ್ನು ಪ್ರಯೋಗಿಸಿತು. ಸರ್ಕಾರದ ಕೋರಿಕೆಯ ಮೇರೆಗೆ ಯುದ್ಧರಂಗಕ್ಕೆ ತೆರಳಿದ ಹಾಲ್ಡೇನ್, ಅನಿಲವನ್ನು ಗುರುತಿಸಿ, ರಕ್ಷಣಾ ಮುಖವಾಡಗಳ ಅಭಿವೃದ್ಧಿಯಲ್ಲಿ ಭಾಗವಹಿಸಿದರು. ವಿಷಾನಿಲ ಸೇವಿಸಿದ ಸೈನಿಕರ ಶ್ವಾಸಕೋಶಗಳಲ್ಲಿ ದ್ರವ ತುಂಬಿ, ರಕ್ತಕ್ಕೆ ಆಮ್ಲಜನಕ ಸೇರದೆ ಮೈ ನೀಲಿಗಟ್ಟುತ್ತಿತ್ತು.

ಆ ಕಾಲದಲ್ಲಿ ಆಮ್ಲಜನಕವನ್ನು ರೋಗಿಯ ಮುಖದ ಬಳಿ ಹಿಡಿದ ಆಲಿಕೆಯ ಮೂಲಕ ಆಗಾಗ ಸ್ವಲ್ಪ ಹೊತ್ತು ಬಿಡುವುದು ರೂಢಿಯಾಗಿತ್ತು. ಅದರ ಬಹುಭಾಗ ಗಾಳಿಗೆ ಸೇರಿ ವ್ಯರ್ಥವಾಗುತ್ತಿತ್ತು. ಎಷ್ಟು ಒಳಸೇರಿತೆಂಬುದೂ ತಿಳಿಯುತ್ತಿರಲಿಲ್ಲ. ಹೀಗಾಗಿ ಅನೇಕ ವೈದ್ಯರಿಗೆ ಈ ಚಿಕಿತ್ಸೆಯಲ್ಲಿ ನಂಬಿಕೆಯಿರಲಿಲ್ಲ. ದೋಷ ಇರುವುದು ಆಮ್ಲಜನಕದಲ್ಲಲ್ಲ, ಅದನ್ನು ಕೊಡುವ ಕ್ರಮದಲ್ಲಿ ಎಂದು ಹಾಲ್ಡೇನ್ ವಾದಿಸಿದರು. 1917ರಲ್ಲಿ ಪ್ರಕಟವಾದ ಲೇಖನದಲ್ಲಿ ಅವರು ವಿವರಿಸಿದ ಉಪಕರಣದಲ್ಲಿ ಸಿಲಿಂಡರಿನ ಒತ್ತಡವನ್ನು ತಗ್ಗಿಸುವ ಕವಾಟ, ಹರಿವನ್ನು ನಿಮಿಷಕ್ಕೆ ಇಷ್ಟು ಲೀಟರ್ ಎಂದು ನಿಗದಿಪಡಿಸುವ ವ್ಯವಸ್ಥೆ, ಸಂಗ್ರಹ ಚೀಲ ಮತ್ತು ಮುಖವಾಡಗಳಿದ್ದವು.

ಆಮ್ಲಜನಕವು ಮೂಲರೋಗವನ್ನು ಗುಣಪಡಿಸದಿದ್ದರೂ ಚಿಕಿತ್ಸೆಗೆ ಅರ್ಥವಿದೆ ಎಂಬುದು ಅವರ ವಾದದ ತಿರುಳು. ಆಮ್ಲಜನಕದ ಕೊರತೆಯಿಂದ ಮಿದುಳು, ಹೃದಯ ಮತ್ತು ಉಸಿರಾಟದ ನರಕೇಂದ್ರ ದುರ್ಬಲಗೊಳ್ಳುತ್ತವೆ. ಅದರಿಂದ ಕೊರತೆ ಮತ್ತಷ್ಟು ಹೆಚ್ಚುತ್ತದೆ. ಈ ವಿಷಚಕ್ರವನ್ನು ಕಡಿದರೆ, ದೇಹವು ತಾನಾಗಿ ಚೇತರಿಸಿಕೊಳ್ಳಲು ಕಾಲಾವಕಾಶ ದೊರೆಯುತ್ತದೆ. ಇಂದಿನ ತೀವ್ರ ನಿಗಾ ಘಟಕಗಳಲ್ಲಿ ನೀಡುವ ಆಮ್ಲಜನಕ ಮತ್ತು ಕೃತಕ ಉಸಿರಾಟದ ನೆರವಿನ ಉದ್ದೇಶವೂ ಇದೇ ಆಗಿದೆ. ಅತಿಯಾದ ಆಮ್ಲಜನಕವು ಶ್ವಾಸಕೋಶಕ್ಕೆ ಹಾನಿಕರವೆಂದು ಅವರ ಸಹೋದ್ಯೋಗಿ ಜೇಮ್ಸ್ ಲೊರೇನ್ ಸ್ಮಿತ್ 1899ರಲ್ಲಿಯೇ ತೋರಿಸಿದ್ದರಿಂದ, ಕಡಿಮೆಯಾಗದಂತೆ ನೋಡಿಕೊಳ್ಳುವಷ್ಟೇ ಮಿತಿಮೀರದಂತೆ ನೋಡಿಕೊಳ್ಳುವುದಕ್ಕೂ ಅಳತೆ ಅಗತ್ಯವಾಗಿತ್ತು.

ವಿವಾದ

ಎತ್ತರದ ಪ್ರದೇಶಗಳಂತಹ ಸನ್ನಿವೇಶಗಳಲ್ಲಿ ಶ್ವಾಸಕೋಶವು ಆಮ್ಲಜನಕವನ್ನು ಸಕ್ರಿಯವಾಗಿ ರಕ್ತಕ್ಕೆ ಸ್ರವಿಸುತ್ತದೆ ಎಂದು ಹಾಲ್ಡೇನ್ ನಂಬಿದ್ದರು. ಡೆನ್ಮಾರ್ಕಿನ ಆಗಸ್ಟ್ ಕ್ರೋಗ್ ಮತ್ತು ಬ್ರಿಟನ್ನಿನ ಜೋಸೆಫ್ ಬಾರ್‌ಕ್ರಾಫ್ಟ್ ಅವರ ಪ್ರಯೋಗಗಳು ಇದನ್ನು ಅಲ್ಲಗಳೆದವು. ಅನಿಲಗಳು ವಿಸರಣದಿಂದಲೇ ರಕ್ತವನ್ನು ಸೇರುತ್ತವೆ ಎಂಬುದು ಈಗ ಒಪ್ಪಿತವಾಗಿದೆ. ಹಾಲ್ಡೇನ್ ಮಾತ್ರ ತಮ್ಮ ಅಭಿಪ್ರಾಯವನ್ನು ಕೊನೆಯವರೆಗೂ ಬಿಡಲಿಲ್ಲ.

ಗೌರವಗಳು ಮತ್ತು ನಿಧನ

1897ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1916ರಲ್ಲಿ ಅದರ ರಾಯಲ್ ಪದಕ ಹಾಗೂ 1934ರಲ್ಲಿ ಕಾಪ್ಲಿ ಪದಕ ಇವರಿಗೆ ದೊರೆತವು. ತೈಲ ಶುದ್ಧೀಕರಣ ಘಟಕಗಳ ಕಾರ್ಮಿಕರಲ್ಲಿ ಕಂಡುಬಂದ ಶಾಖಾಘಾತವನ್ನು ಪರಿಶೀಲಿಸಲು ಪರ್ಷಿಯಾ ಮತ್ತು ಇರಾಕ್‌ಗೆ ಹೋಗಿ ಬಂದ ಬಳಿಕ ಇವರಿಗೆ ನ್ಯುಮೋನಿಯಾ ತಗುಲಿತು. 1936ರ ಮಾರ್ಚ್ 14ರ ನಡುರಾತ್ರಿ ಆಕ್ಸ್‌ಫರ್ಡಿನಲ್ಲಿ ನಿಧನರಾದರು. ಬಾಲ್ಯದಿಂದಲೇ ತಂದೆಯ ಪ್ರಯೋಗಗಳಿಗೆ ನೆರವಾಗಿದ್ದ ಮಗ ಜೆ. ಬಿ. ಎಸ್. ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, ಇಲ್ಲಿಯ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ನಿಧನರಾದರು.